ನಡುವಿನವನ ಪಾಲು

ಬೀದಿಯವರೆಲ್ಲ ಅವನನ್ನು ಬೈಂಡರ್ ಎಂದೇ ಕರೆಯುತ್ತಿದ್ದರು. ಶಾಲೆಯ ಹಾಜರಿ ಪುಸ್ತಕ, ಗ್ರಂಥಾಲಯದ ಬೆನ್ನು ಮುರಿದ ಕಾದಂಬರಿ, ಕಚೇರಿಯ ಹಳೇ ಕಡತ, ಏನು ತಂದುಕೊಟ್ಟರೂ ಹೊಲಿದು, ಅಂಟು ಬಳಿದು, ರಟ್ಟು ಹಾಕಿ, ಹೇಳಿದ್ದಕ್ಕಿಂತ ಎರಡು ದಿನ ತಡವಾಗಿ ಕೊಡುತ್ತಿದ್ದ. ಅಪ್ಪ ಕಟ್ಟಿಸಿದ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅದರ ಹಿಂದಿನ ಇನ್ನೊಂದು ಕೋಣೆಯಲ್ಲಿ ಅವನೂ ಅವನ ಹೆಂಡತಿಯೂ ಇದ್ದರು. ಹಿತ್ತಿಲ ಕಡೆಯ ಎರಡು ಕೋಣೆಗಳಲ್ಲಿ ತಮ್ಮನ ಸಂಸಾರ. ಮಹಡಿಯಲ್ಲಿ ಅಕ್ಕ ಒಬ್ಬಳೇ. ಮಹಡಿಗಿದ್ದದ್ದು ಒಂದೇ ಮೆಟ್ಟಿಲ ಸಾಲು, ಅದೂ ಬೈಂಡರನ ಅಂಗಡಿಯೊಳಗಿಂದ ಏರುತ್ತಿತ್ತು. ಅಕ್ಕ ತರಕಾರಿಗೆ ಹೊರಟರೂ ಅವನು ಹರಡಿಕೊಂಡ ಹಾಳೆಗಳನ್ನು ದಾಟಿಯೇ ಹೋಗಬೇಕಿತ್ತು.

ಅಪ್ಪ ಉಯಿಲು ಬರೆಯದೇ ಹೋದ. ಮೂವರಿಗೂ ಸಮಪಾಲು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಆ ಪಾಲನ್ನು ಏನು ಮಾಡುವುದು ಎಂಬಲ್ಲೇ ಎಲ್ಲ ಕೆಟ್ಟಿತು. ತಮ್ಮನದು ಲಿಫ್ಟ್ ರಿಪೇರಿ ಕೆಲಸ. ಮೂರು ಮಕ್ಕಳು ಬೆಳೆದು ನಿಂತಿದ್ದವು, ಎರಡು ಕೋಣೆ ಸಾಲುತ್ತಿರಲಿಲ್ಲ. ಮನೆ ಮಾರಿ ಹಂಚಿಕೊಳ್ಳೋಣ ಎಂದ. ಅಕ್ಕ ನಿವೃತ್ತ ಟೀಚರು, ಮಂಡಿ ನೋವಿನವಳು. ಉಸಿರಿರುವ ತನಕ ಮಹಡಿ ಬಿಟ್ಟು ಇಳಿಯುವುದಿಲ್ಲ ಎಂದಳು. ಎರಡು ವರ್ಷ ಬಾಯಿಮಾತಿನಲ್ಲೇ ಕಳೆಯಿತು, ಆಮೇಲೆ ಮಾತೂ ನಿಂತಿತು. ಒಂದು ಬೆಳಿಗ್ಗೆ ತಮ್ಮನೇ ಕೋರ್ಟಿಗೆ ಹೋಗಿ, ಮನೆ ಪಾಲು ಮಾಡಿಕೊಡಿ ಎಂದು ವಿಭಾಗದ ದಾವೆ ಹೂಡಿದ.

ಬೈಂಡರನಿಗೆ ಮಾರಬೇಕೆಂದೂ ಇರಲಿಲ್ಲ, ಮಾರಬಾರದೆಂದೂ ಇರಲಿಲ್ಲ. ಆದರೂ ಅವನ ಹೆಸರು ದಾವೆಯಲ್ಲಿ ಇರಲೇಬೇಕಂತೆ. ಹಾಗಾಗಿ ಅವನೂ ಒಬ್ಬ ವಕೀಲರನ್ನು ಹಿಡಿದ. ಅವರು ತಾಳ್ಮೆಯ ಮನುಷ್ಯ, ಒಂದೊಂದಾಗಿ ಬಿಡಿಸಿ ಹೇಳಿದರು. ಮನೆಗೆ ಗೆರೆ ಎಳೆದು ಮೂರು ಭಾಗ ಮಾಡಬಹುದು. ಆಗದಿದ್ದರೆ ಒಬ್ಬರು ಮಿಕ್ಕಿಬ್ಬರ ಪಾಲು ಕೊಳ್ಳಬಹುದು. ಅದೂ ಆಗದಿದ್ದರೆ ಕೋರ್ಟೇ ಹರಾಜು ಹಾಕಿ ಬಂದದ್ದನ್ನು ಹಂಚುತ್ತದೆ. ಮೂವರೂ ಕೂತು ರಾಜಿ ಮಾಡಿಕೊಂಡರೆ ಏನನ್ನು ಬೇಕಾದರೂ ಬರೆದುಕೊಳ್ಳಬಹುದು. ಕೊನೆಯದು ಎಲ್ಲಕ್ಕಿಂತ ಸುಲಭ ಎಂದು ಹೇಳಿ ವಕೀಲರು ತಾವೇ ನಕ್ಕರು.

ಏಳು ವರ್ಷ ಹಿಡಿಯಿತು. ವಾಯಿದೆಯ ದಿನ ಒಂದೇ ಮನೆಯಿಂದ ಮೂವರೂ ಬೇರೆಬೇರೆಯಾಗಿ ಹೊರಟು, ಒಂದೇ ಬಸ್ಸು ಹತ್ತಿ, ಮೂರು ಸೀಟುಗಳಲ್ಲಿ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದರು. ಕೋರ್ಟಿನ ವರಾಂಡದ ಬೆಂಚಿನಲ್ಲಿ ಅಕ್ಕ ಒಂದು ತುದಿಗೆ, ತಮ್ಮ ಇನ್ನೊಂದು ತುದಿಗೆ. ನಡುವೆ ಬೈಂಡರ್. ಅಕ್ಕನ ಚೀಲ ಇವನ ತೊಡೆಯ ಮೇಲೆ, ತಮ್ಮನ ಕೆಲಸದ ಹೆಲ್ಮೆಟ್ಟೂ ಇವನ ತೊಡೆಯ ಮೇಲೆ. ಅತ್ತ ಒಂದು ಮಾತಾಡಿದರೆ ಇತ್ತ ಮುಖ ಊದಿಕೊಳ್ಳುತ್ತಿತ್ತು. ಅವನು ಮಾತಾಡುವುದನ್ನೇ ಬಿಟ್ಟ. ಒಮ್ಮೆ ನ್ಯಾಯಾಧೀಶರಿಗೆ ಹುಷಾರಿಲ್ಲ, ಒಮ್ಮೆ ಅಕ್ಕನ ವಕೀಲರಿಗೆ ಪುರಸೊತ್ತಿಲ್ಲ, ಒಮ್ಮೆ ಕಡತವೇ ಸಿಗಲಿಲ್ಲ. ಸಂಜೆ ಬಂದು ಅಂಟಿನ ಬಟ್ಟಲು ಮುಂದಿಟ್ಟುಕೊಂಡರೆ ಕೈ ಏಳುತ್ತಿರಲಿಲ್ಲ. ಎರಡು ದಿನದ ತಡ ಹತ್ತು ದಿನದ ತಡವಾಯಿತು, ಗ್ರಂಥಾಲಯದವರು ಬೇರೆಯವನನ್ನು ನೋಡಿಕೊಂಡರು.

ಕೊನೆಗೆ ಮೂವರಿಗೂ ಮೂರನೇ ಒಂದು ಪಾಲು ಎಂದು ತೀರ್ಪಾಯಿತು. ಮೊದಲ ದಿನವೇ ಗೊತ್ತಿದ್ದ ಸಂಗತಿ. ಅದನ್ನು ಹೇಗೆ ಭಾಗ ಮಾಡಬಹುದು ನೋಡಿ ಬನ್ನಿ ಎಂದು ಕೋರ್ಟು ಒಬ್ಬ ಕಮಿಷನರನ್ನು ಕಳಿಸಿತು. ಬಂದವರು ವಯಸ್ಸಾದ ಇಂಜಿನಿಯರಮ್ಮ. ಟೇಪಿನ ಇನ್ನೊಂದು ತುದಿ ಹಿಡಿಯಲು ಅಕ್ಕನೂ ತಮ್ಮನೂ ಒಪ್ಪದ್ದರಿಂದ ಅದನ್ನೂ ಬೈಂಡರನೇ ಹಿಡಿದ. ಬಚ್ಚಲು ಒಂದು, ನೀರಿನ ತೊಟ್ಟಿ ಒಂದು, ಮೆಟ್ಟಿಲು ಒಂದು. ಮಹಡಿಗೆ ಹೊರಗಿನಿಂದ ಮೆಟ್ಟಿಲು ಕಟ್ಟಲು ಪಕ್ಕದಲ್ಲಿ ಜಾಗವಿಲ್ಲ. ಯಾವ ಕಡೆಯಿಂದ ಗೆರೆ ಎಳೆದರೂ ಅದು ಅಂಗಡಿಯನ್ನು ಸೀಳಿಕೊಂಡೇ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವರು ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದರು.

"ಇದನ್ನ ಭಾಗ ಮಾಡಿದ್ರೆ ಮೂರು ಗೂಡಾಗುತ್ತೆ, ಮೂರು ಮನೆ ಆಗಲ್ಲ. ಹಾಗಂತಲೇ ಬರೀತೀನಿ," ಎಂದರು.

ವರದಿ ಸೇರಿದ ಮೇಲೆ ನ್ಯಾಯಾಧೀಶರು, ಪಾಲುದಾರರಲ್ಲಿ ಯಾರಾದರೂ ಕೊಳ್ಳುವುದಿದ್ದರೆ ಮುಂದಿನ ವಾಯಿದೆಯೊಳಗೆ ಹೇಳಿ, ಇಲ್ಲದಿದ್ದರೆ ಹರಾಜು ಎಂದರು. ಮಾರನೆಯ ದಿನವೇ ಅಕ್ಕ ಬೈಂಡರನನ್ನು ಮೇಲೆ ಕರೆದು ಕೂರಿಸಿಕೊಂಡಳು. ಬೈಂಡರ್ ತನ್ನ ಪಾಲನ್ನು ಅವಳಿಗೆ ಬರೆದುಕೊಟ್ಟರೆ ಮೂರರಲ್ಲಿ ಎರಡು ಅವಳದ್ದಾಗುತ್ತದೆ, ಆಮೇಲೆ ಚಿಕ್ಕವನ ಬೇಳೆ ಬೇಯುವುದಿಲ್ಲ ಎಂಬುದು ಅವಳ ಲೆಕ್ಕ. ಅದಾದ ಎರಡು ದಿನಕ್ಕೆ ತಮ್ಮ ಅಂಗಡಿಗೆ ಬಂದು, ಗ್ರೀಸು ಹತ್ತಿದ ಕೈ ಒರೆಸಿಕೊಳ್ಳುತ್ತ, ಅದೇ ಮಾತನ್ನು ತಿರುಗಿಸಿ ಹೇಳಿದ. ಇಬ್ಬರಿಗೂ ಬೈಂಡರ್ ನೋಡೋಣ ಎಂದ.

ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು.

"ಯಾರಿಗಾದ್ರೂ ಕೊಟ್ಟುಬಿಡಿ. ನಿಮಗೆ ಮನೆ ಬೇಕಾ, ಇಲ್ಲ ಅವರಿಬ್ಬರೂ ಬೇಕಾ, ಅದನ್ನಾದ್ರೂ ಹೇಳಿ," ಎಂದಳು.

"ನಂಗೆ ನಿದ್ದೆ ಬೇಕು," ಎಂದ ಬೈಂಡರ್.

ಆ ವಾರವೆಲ್ಲ ಹಾಳೆ ಮಡಿಸುತ್ತ ಅದನ್ನೇ ಯೋಚಿಸಿದ. ಅಕ್ಕನಿಗೆ ಕೊಟ್ಟರೆ ತಮ್ಮ ಇನ್ನೂ ಏಳು ವರ್ಷ ಕೋರ್ಟು ಸುತ್ತಿಸುತ್ತಾನೆ. ತಮ್ಮನಿಗೆ ಕೊಟ್ಟರೆ ಅಕ್ಕ ಬೀದಿಗೆ ಬೀಳುತ್ತಾಳೆ. ಹರಾಜಾದರೆ ಹೊರಗಿನವನು ಬಂದು ಮೂವರನ್ನೂ ಎಬ್ಬಿಸುತ್ತಾನೆ. ವಕೀಲರ ಬಳಿ ಹೋಗಿ, ಮನೆ ಒಬ್ಬರದ್ದಾಗಿದ್ದು, ಅದರಲ್ಲಿ ವಾಸ ಮಾಡಲು ಮಾತ್ರ ಇನ್ನೊಬ್ಬರಿಗೆ ಹಕ್ಕು ಬರೆದುಕೊಡಲು ಬರುತ್ತದೆಯೇ ಎಂದು ಕೇಳಿದ. ಧಾರಾಳವಾಗಿ ಬರುತ್ತದೆ, ಆದರೆ ರಾಜಿಯಲ್ಲಿ ಬರೆದು ನೋಂದಣಿಯನ್ನೂ ಮಾಡಿಸಿ, ನಾಳೆ ಮನೆ ಕೊಂಡವನೂ ಅದಕ್ಕೆ ಬದ್ಧನಾಗಿರಬೇಕು ಎಂದರು ಅವರು. ಏಳು ವರ್ಷದಲ್ಲಿ ಬೈಂಡರ್ ಕೇಳಿದ ಮೊದಲ ಪ್ರಶ್ನೆ ಅದು.

ವಕೀಲರ ಅರ್ಜಿಯ ಮೇಲೆ ನ್ಯಾಯಾಧೀಶರು ಹರಾಜು ಮುಂದೂಡಿ ಮೂವರನ್ನೂ ರಾಜಿಗೆ ಕಳಿಸಿದರು. ಕೋರ್ಟಿನ ರಾಜಿ ಕೋಣೆಯಲ್ಲಿ ಒಂದು ದುಂಡು ಮೇಜು, ಒಂದು ಫ್ಯಾನು, ಮಧ್ಯಸ್ಥಿಕೆಗೆಂದು ಕೂತ ಒಬ್ಬರು ಹಿರಿಯ ವಕೀಲೆ. ಬೈಂಡರ್ ಕೆಮ್ಮಿ, ಮೇಜನ್ನೇ ನೋಡುತ್ತ ಹೇಳಿದ. ತಮ್ಮನೇ ಸಾಲ ಮಾಡಿ ನಮ್ಮಿಬ್ಬರ ಪಾಲನ್ನೂ ಒಂದೇ ದಿನ ಕೊಳ್ಳಲಿ. ಅಕ್ಕನ ಪಾಲಿಗೆ ಸ್ವಲ್ಪ ಕಡಿಮೆ ಕೊಡಲಿ, ಅದಕ್ಕೆ ಬದಲಾಗಿ ಅವಳು ಬದುಕಿರುವ ತನಕ ಮಹಡಿಯೂ ಮೆಟ್ಟಿಲೂ ಅವಳದ್ದು ಎಂದು ಬರೆದುಕೊಡಲಿ. ನಾನು ಆರು ತಿಂಗಳಲ್ಲಿ ಅಂಗಡಿಯನ್ನೂ ಹಿಂದಿನ ಕೋಣೆಯನ್ನೂ ಖಾಲಿ ಮಾಡುತ್ತೇನೆ.

ತಮ್ಮ ಬೆರಳಲ್ಲೇ ಲೆಕ್ಕ ಹಾಕಿ, ಆಗಬಹುದು ಎಂದ. ಅಕ್ಕ ಬೈಂಡರನ ಕಡೆ ತಿರುಗಿದಳು.

"ನನ್ನ ಮನೇಲೇ ನನ್ನನ್ನ ಬಾಡಿಗೆಯವಳ ಹಾಗೆ ಮಾಡಿದ್ಯಲ್ಲೋ."

"ಬಾಡಿಗೆ ಇಲ್ಲ ಅಕ್ಕ. ನಿನ್ನನ್ನ ಯಾರೂ ಎಬ್ಬಿಸೋ ಹಾಗಿಲ್ಲ. ಹರಾಜಾದ್ರೆ ಅದೂ ಇರಲ್ಲ."

"ನೀನಾದ್ರೂ ನನ್ನ ಕಡೆ ಇರ್ತೀಯ ಅಂದ್ಕೊಂಡಿದ್ದೆ."

ಅಕ್ಕ ಆ ದಿನ ಎದ್ದು ಹೋದಳು. ಎರಡನೇ ಸಲ ಬಂದು, ಬರೆದದ್ದನ್ನು ಓದಿ ಮೇಜಿನ ಮೇಲೇ ಬಿಟ್ಟು ಹೋದಳು. ಮೂರನೇ ಸಲ, ತನ್ನ ವಕೀಲರು ಹರಾಜಿನ ವಿಷಯ ಮತ್ತೊಮ್ಮೆ ವಿವರಿಸಿದ ಮೇಲೆ, ನೀರಿನ ತೊಟ್ಟಿಯ ಮೇಲೂ ತನಗೆ ಹಕ್ಕು ಬರೆಯಬೇಕು ಎಂದಳು. ಬರೆದರು. ಟೀಚರ ದುಂಡು ಅಕ್ಷರದಲ್ಲಿ ಸಹಿ ಹಾಕಿ, ತನ್ನ ಚೀಲವನ್ನು ತಾನೇ ಎತ್ತಿಕೊಂಡು ಬಸ್ಸಿಗೆ ನಡೆದಳು. ವಾಯಿದೆಯ ದಿನ ನ್ಯಾಯಾಧೀಶರು ಮೂವರಿಗೂ ಒಪ್ಪಿಗೆಯೇ ಎಂದು ಕೇಳಿ, ತಲೆಯಾಡಿಸಿದ್ದನ್ನು ನೋಡಿ, ಮುಂದಿನ ಕಡತ ತೆಗೆದುಕೊಂಡರು. ಎಲ್ಲ ಸೇರಿ ನಾಲ್ಕು ನಿಮಿಷ ಆಗಿರಬೇಕು.

ಬೈಂಡರ್ ಮೂರು ಬೀದಿ ಆಚೆ, ಒಂದು ಶಾಲೆಯ ಎದುರಿಗೆ, ಅಂಗಡಿಗೊಂದು ಇರಲಿಕ್ಕೊಂದು ಬಾಡಿಗೆ ಕೋಣೆ ಹಿಡಿದ. ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸನ್ನು ಸಾಗಿಸಲು ನಾಲ್ಕು ಜನ ಬೇಕಾಯಿತು. ತಮ್ಮನೂ ಒಂದು ಕೈ ಹಾಕಿದ. ಮಹಡಿಯ ಕಿಟಕಿ ಮಾತ್ರ ತೆರೆಯಲಿಲ್ಲ. ಹೊಸ ಜಾಗಕ್ಕೆ ಹೋದ ಮೊದಲ ವಾರ ಬೈಂಡರ್ ಮಧ್ಯಾಹ್ನ ಊಟವಾದ ಮೇಲೆ ರಟ್ಟಿನ ಹಾಳೆಗಳ ಮೇಲೇ ಮಲಗಿ ಸಂಜೆಯ ತನಕ ಏಳಲಿಲ್ಲ. ಹೆಂಡತಿ ಎರಡು ಸಲ ಬಂದು ಉಸಿರಾಡುತ್ತಿದ್ದಾನೆಯೇ ಎಂದು ನೋಡಿಕೊಂಡು ಹೋದಳು.

ಒಂದು ವರ್ಷದ ಮೇಲಾಯಿತು. ಒಂದು ದಿನ ಅಕ್ಕ ಕೋಲೂರಿಕೊಂಡು ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತಳು. ಚಿಕ್ಕವನು ಹೊಸ ನೀರಿನ ಮೋಟಾರು ಹಾಕಿಸಿದ್ದಾನೆ, ಬೆಳಿಗ್ಗೆ ಐದಕ್ಕೇ ಶುರು ಮಾಡುತ್ತಾನೆ, ಮಹಡಿಯೆಲ್ಲ ಗುಂಯ್‌ಗುಡುತ್ತದೆ, ಅವನ ಹೆಂಡತಿಗೆ ಹೇಳಿದರೆ ನಗುತ್ತಾಳೆ. ಅರ್ಧ ಗಂಟೆ ಇದನ್ನೇ ಹೇಳಿದಳು. ಬೈಂಡರ್ ಹಾಜರಿ ಪುಸ್ತಕ ಹೊಲಿಯುತ್ತ ಹೂಂಗುಟ್ಟಿದ. ಅವಳು ನೀರೂ ಕುಡಿಯದೆ ಎದ್ದಳು. ಶಾಲೆಯ ಗೇಟಿನ ತನಕ ಅವನು ಜೊತೆಗೆ ಹೋಗಿ ರಸ್ತೆ ದಾಟಿಸಿದ.

ಸಂಜೆ ಹೆಂಡತಿಗೆ ಹೇಳಿದ.

"ಅಕ್ಕ ಬಂದಿದ್ಲು."

"ಏನಂತೆ?"

"ಮೋಟಾರು ಸದ್ದು ಮಾಡುತ್ತಂತೆ."

ಹೆಂಡತಿ ಸೌಟು ಹಿಡಿದವಳು ಹಾಗೇ ನಿಂತಳು. "ಮತ್ತೆ ಕೇಸು ಹಾಕ್ತಾರಾ?"

"ಗೊತ್ತಿಲ್ಲ," ಎಂದ ಬೈಂಡರ್. "ನೀನು ಬಡಿಸು."