ಟೇಪಕ್ಕನ ಎರಡನೇ ಗೇರು

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ವರ್ಷವೇ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹೂಡಿ ಕೂತವಳು ಐವತ್ತು ದಾಟಿದರೂ ಎದ್ದಿರಲಿಲ್ಲ. ಯಾರ ಸೊಂಟ ಎಷ್ಟು ಬೆಳೆದಿದೆ ಎಂಬುದೆಲ್ಲ ಅವಳಿಗೆ ಗೊತ್ತು. ಯಾರಿಗೂ ಹೇಳುತ್ತಿರಲಿಲ್ಲ, ಆದ್ದರಿಂದಲೇ ಗಿರಾಕಿಗಳು ಅವಳನ್ನು ಬಿಡುತ್ತಿರಲಿಲ್ಲ. ಅವಳ ಕಸುಬಿನಲ್ಲಿ ಒಂದೇ ಒಂದು ಕಟ್ಟುನಿಟ್ಟು. ಹಳೆಯ ಬಟ್ಟೆಯ ಹೊಲಿಗೆ ಬಿಚ್ಚುವ ಮೊದಲು ಅದೇ ಬಣ್ಣದ ದಾರ ಕೈಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ದಾರವಿಲ್ಲದಿದ್ದರೆ ಬಟ್ಟೆ ಮುಟ್ಟುವಂತಿಲ್ಲ. ಕೆಲಸ ಕಲಿಯಲು ಬಂದವರಿಗೆ, ಗಿರಾಕಿಗಳಿಗೆ, ಒಮ್ಮೆ ಸುಮ್ಮನಿರಲಾರದೆ ಪರದೆಯ ಅಂಚು ಬಿಚ್ಚಿ ಕೂತಿದ್ದ ಅತ್ತೆಗೆ, ಹೀಗೆ ಸಿಕ್ಕಸಿಕ್ಕವರಿಗೆಲ್ಲ ಇದನ್ನು ಹೇಳಿ ತಲೆ ತಿಂದಿದ್ದಳು.

ಗಂಡ ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತನಾದವನು. ಆಕಾಶವೇ ಕಳಚಿ ಬಿದ್ದರೂ ‘ಸಾವಕಾಶ’ ಎನ್ನುವ ಆಸಾಮಿಯಾದ್ದರಿಂದ ಡಿಪೋದಲ್ಲಿ ಅವನಿಗೆ ಸಾವಕಾಶಪ್ಪ ಎಂಬ ಹೆಸರು ಬಿದ್ದಿತ್ತು. ಅವನಿಗೊಂದು ವಿಚಿತ್ರ ಕಾಯಿಲೆ. ಬೇರೆಯವರು ಓಡಿಸುವ ಗಾಡಿಯಲ್ಲಿ ನಿದ್ದೆ ಬಾರದು. ಎಷ್ಟೇ ದೂರದ ಪ್ರಯಾಣವಿರಲಿ, ಕಣ್ಣು ಪಿಳಿಪಿಳಿ ಬಿಟ್ಟುಕೊಂಡು, ಇಲ್ಲದ ಕ್ಲಚ್ಚನ್ನು ಎಡಗಾಲಲ್ಲೂ ಇಲ್ಲದ ಬ್ರೇಕನ್ನು ಬಲಗಾಲಲ್ಲೂ ಒತ್ತುತ್ತ, ಇಳಿಯುವ ಹೊತ್ತಿಗೆ ಚಾಲಕನಿಗಿಂತ ಹೆಚ್ಚು ದಣಿದಿರುತ್ತಿದ್ದ. “ನಂಬಿಕೆ ಇಲ್ಲ ಅಂತಲ್ಲ ಕಣೇ, ಕಾಲು ಮಾತು ಕೇಳಲ್ಲ,” ಎನ್ನುತ್ತಿದ್ದ.

ನಿವೃತ್ತನಾದ ಮೇಲೆ ಅವನು ಕೊಂಡ ಹಳೆಯ ಕಾರಿನಲ್ಲೇ ಟೇಪಕ್ಕ ಡ್ರೈವಿಂಗ್ ಕಲಿಯಲು ಹೊರಟಿದ್ದು. ಬಟ್ಟೆ ತರಲು ಹೋಗಬೇಕಾದಾಗಲೆಲ್ಲ ಗಂಡನ ಸಾವಕಾಶಕ್ಕೆ ಕಾದು ಕಾದು ಅವಳಿಗೆ ಸಾಕುಸಾಕಾಗಿತ್ತು. ಸ್ಟೇರಿಂಗು, ಬ್ರೇಕು, ಕನ್ನಡಿ ಎಲ್ಲವೂ ಬೇಗ ಕೈಗೆ ಹತ್ತಿದವು. ಎರಡನೇ ಗೇರು ಮಾತ್ರ ಜಪ್ಪಯ್ಯ ಅಂದರೂ ನೆಟ್ಟಗೆ ಬೀಳಲಿಲ್ಲ. ಒಂದರಿಂದ ಎರಡಕ್ಕೆ ಎಳೆದರೆ ಕಾರಿನ ಹೊಟ್ಟೆಯೊಳಗೆ ಯಾರೋ ಹಲ್ಲು ಕಡಿದಂತೆ ಕರ್ರ್ ಎನ್ನುತ್ತಿತ್ತು. ಅದೇ ಕರ್ರಿನಿಂದಾಗಿ ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು.

“ಕಾರಿಗೇನಾಗಿದೆ, ನಾನು ಹಾಕಿದ್ರೆ ಬೀಳುತ್ತಲ್ಲ. ನಿನ್ನ ಕೈ ಸರಿಯಿಲ್ಲ,” ಎಂದು ಗಂಡ ತೀರ್ಪು ಕೊಟ್ಟುಬಿಟ್ಟ.

ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸುವವಳಿಗೆ ಕೈ ಸರಿಯಿಲ್ಲ ಎಂದರೆ ಸುಮ್ಮನಿದ್ದಾಳೆಯೇ? ನಿಜ ಹೇಳಬೇಕೆಂದರೆ, ಸುಮ್ಮನಿದ್ದಳು. ವಯಸ್ಸಾಯಿತೇನೋ, ಕೈ ನಿಜವಾಗಿಯೂ ಮೊಂಡಾಯಿತೇನೋ ಎಂಬ ಅಳುಕು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಮೂರನೇ ಸಲಕ್ಕೆ ದಿನ ಗೊತ್ತಾದಾಗ ಊಟದ ಮೇಜಿನ ಮುಂದೆ ಹೇಳಿಯೇಬಿಟ್ಟಳು: “ಈ ಸಲವೂ ಆಗದಿದ್ರೆ ಇನ್ನು ಸ್ಟೇರಿಂಗ್ ಮುಟ್ಟಲ್ಲ.” ಹೇಳಿದ್ದನ್ನು ಮಾಡುವವಳೆಂದು ಗೊತ್ತಿದ್ದುದರಿಂದ ಅತ್ತೆ ತಟ್ಟೆಯಿಂದ ತಲೆಯೆತ್ತಿ ಮಗನ ಕಡೆ ದುರುಗುಟ್ಟಿ ನೋಡಿದರು.

ಅಷ್ಟರಲ್ಲಿ ಒಂದು ಸಂಗತಿ ನಡೆಯಿತು. ಟೇಪಕ್ಕನ ತಮ್ಮನ ಹೆಂಡತಿ ಹೊಸ ಕಾರು ತಂದವಳು, “ಅತ್ತಿಗೆ, ಒಂದು ಸುತ್ತು ನೀವೇ ಓಡಿಸಿ,” ಎಂದು ಪಕ್ಕದಲ್ಲಿ ಕೂತಳು. ಅದರಲ್ಲಿ ಎರಡನೇ ಗೇರು ಜೇಬಿಗೆ ಕೈ ಹೋದಷ್ಟು ಸಲೀಸಾಗಿ ಹೋಯಿತು. ಟೇಪಕ್ಕ ಇಳಿದು ತನ್ನ ಕೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡಳು. ಮನೆಗೆ ಬಂದು ಹೇಳಿದರೆ ಗಂಡ ಸೊಪ್ಪು ಹಾಕಲಿಲ್ಲ. “ಹೊಸ ಕಾರಲ್ಲಿ ಎಮ್ಮೆನೂ ಗೇರ್ ಹಾಕುತ್ತೆ,” ಎಂದ.

ಎಮ್ಮೆ ಮರುದಿನವೇ ಬಿಡಿಭಾಗದ ಅಂಗಡಿಗೆ ಹೋಯಿತು. ಎಣ್ಣೆ ಒಣಗಿದ ಹೊಲಿಗೆ ಯಂತ್ರವೂ ಬೆಳಗಿನ ಚಳಿಗೆ ಹೀಗೇ ಹಟ ಮಾಡುವುದನ್ನು ಅವಳು ಬಲ್ಲಳು. ಅಂಗಡಿಯವನು ಗೇರ್‌ಬಾಕ್ಸಿನ ಎಣ್ಣೆ ಯಾವಾಗ ಬದಲಿಸಿದ್ದು ಎಂದು ಕೇಳಿದ. ಕೊಂಡಾಗಿನಿಂದ ಇಲ್ಲ ಎಂದಳು. ಅವನು ಸಾವಿನ ಸುದ್ದಿ ಕೇಳಿದವನಂತೆ ಮುಖ ಮಾಡಿ, ಆ ಕಾರಿಗೆ ಹೊಂದುವ ಎಣ್ಣೆಯ ಡಬ್ಬಿ, ಹೊಸ ತಾಮ್ರದ ವಾಷರು, ಉದ್ದನೆಯ ನಳಿಗೆ ಕೊಟ್ಟ. ಕೆಲಸ ಮಾಡುವ ಕ್ರಮವನ್ನೂ ಹೇಳಿದ. ಅದನ್ನು ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು, ಏಕೆಂದರೆ ಆಗಲೇ ಅವಳ ಮನಸ್ಸು ಎರಡನೇ ಗೇರಿನಲ್ಲಿ ಓಡುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಸಾವಕಾಶಪ್ಪ ಹಳೆಯ ಗೆಳೆಯರ ಜೊತೆ ಚದುರಂಗಕ್ಕೆ ಹೋದ. ಅದು ಬೇಗ ಮುಗಿಯುವ ಆಟವಲ್ಲ, ಅದರಲ್ಲೂ ಅವನು ಆಡಿದರೆ. ಅವನೇ ಕಾರು ಕೊಂಡ ಹೊಸದರಲ್ಲಿ ಡಿಪೋದಲ್ಲಿದ್ದಂತೆ ಗಾಡಿಯ ಅಡಿಗೆ ಇಳಿದು ರಿಪೇರಿ ಮಾಡಲೆಂದು ಅಂಗಳದಲ್ಲಿ ಸೊಂಟದಾಳದ ಗುಂಡಿ ತೋಡಿಸಿದ್ದ. ಒಮ್ಮೆ ಇಳಿದು ಬೆನ್ನು ಹಿಡಿದುಕೊಂಡ ಮೇಲೆ ಅದು ಅತ್ತೆಯ ಖಾಲಿ ಹೂಕುಂಡಗಳ ಉಗ್ರಾಣವಾಗಿತ್ತು. ಕಾರು ಅದರ ಮೇಲೆಯೇ ನಿಂತಿತ್ತು. ಟೇಪಕ್ಕ ಕುಂಡಗಳನ್ನು ಎತ್ತಿಟ್ಟು, ಎಣ್ಣೆ ತೆಳುವಾಗಲೆಂದು ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಗಂಡನ ಹಳೆಯ ಖಾಕಿ ಅಂಗಿ ತೊಟ್ಟು ಗುಂಡಿಗೆ ಇಳಿದಳು. ಟೇಪು ಕೊರಳಲ್ಲೇ ಇತ್ತು. ಅತ್ತೆ ಕುರ್ಚಿ ಎಳೆದುಕೊಂಡು ಅಂಗಳದಲ್ಲಿ ಕೂತರು, ನಾಟಕಕ್ಕೆ ಮುಂದಿನ ಸಾಲಿನಲ್ಲಿ ಕೂತ ಹಾಗೆ.

ಗೇರ್‌ಬಾಕ್ಸಿಗೆ ಎರಡು ಬಿರಡೆ. ಕೆಳಗಿನದನ್ನು ತೆಗೆದರೆ ಹಳೆಯ ಎಣ್ಣೆ ಇಳಿಯುತ್ತದೆ, ಪಕ್ಕದ್ದನ್ನು ತೆಗೆದು ಹೊಸದನ್ನು ತುಂಬಬೇಕು. ಕೆಳಗಿನ ಬಿರಡೆ ಸ್ಪ್ಯಾನರಿಗೆ ಸುಲಭವಾಗಿ ಬಗ್ಗಿತು. ಎಣ್ಣೆ ಬಾಂಡಲಿಗೆ ಬಳಬಳ ಇಳಿಯಿತು, ಕಪ್ಪಗೆ, ಒಳಗೆ ಬೆಳ್ಳಿಯ ಪುಡಿಯಂತೆ ಸವೆದ ಕಬ್ಬಿಣ ಮಿಣಮಿಣ ಮಿನುಗುತ್ತ. ವಾಸನೆ ಮಾತ್ರ ಹೇಳತೀರದು.

“ಏನೇ ಅದು, ಒಳಗೆ ಹೆಗ್ಗಣ ಸತ್ತಿದೆಯಾ?” ಎಂದು ಅತ್ತೆ ಮೂಗು ಮುಚ್ಚಿಕೊಂಡರು.

“ನಿಮ್ಮ ಮಗನ ಮಾತು ಅತ್ತೆ, ಹೊರಗೆ ಬರ್ತಿದೆ,” ಎಂದಳು ಟೇಪಕ್ಕ. ಇಷ್ಟು ಖುಷಿಯಾಗಿ ಅವಳು ಬೈದು ಎಷ್ಟೋ ಕಾಲವಾಗಿತ್ತು. ತೊಟ್ಟು ನಿಂತ ಮೇಲೆ ಬಿರಡೆ ಒರೆಸಿ, ಹೊಸ ವಾಷರು ಹಾಕಿ ಬಿಗಿದಳು. ಆಮೇಲೆ ಹಾಡು ಗುನುಗುತ್ತ ಪಕ್ಕದ ಬಿರಡೆಗೆ ಸ್ಪ್ಯಾನರು ಕೊಟ್ಟಳು.

ಅದು ಅಲ್ಲಾಡಲಿಲ್ಲ. ಎರಡೂ ಕೈಯಲ್ಲಿ ಎಳೆದಳು. ಗೋಡೆಗೆ ಕಾಲು ಕೊಟ್ಟು ಎಳೆದಳು. ಊಹೂಂ. ಹಾಡು ನಿಂತಿತು. ಹಳೆಯ ಎಣ್ಣೆ ಬಾಂಡಲಿಯಲ್ಲಿದೆ, ಹೊಸದನ್ನು ಹಾಕಲು ದಾರಿಯಿಲ್ಲ. ಬತ್ತಿದ ಗೇರ್‌ಬಾಕ್ಸಿನ ಕಾರನ್ನು ಬೀದಿಯ ತುದಿಯವರೆಗೂ ಓಡಿಸುವಂತಿಲ್ಲ, ಪರೀಕ್ಷೆ ನಾಳೆ. ಮೊದಲು ಪಕ್ಕದ್ದು ಬಿಚ್ಚುತ್ತೆ ಅಂತ ನೋಡ್ಕೊಳ್ಳಿ, ಆಮೇಲೆ ಕೆಳಗಿನದನ್ನ ಮುಟ್ಟಿ ಎಂದು ಅಂಗಡಿಯವನು ಹೇಳಿದ್ದು ಈಗ ನೆನಪಾಯಿತು.

“ಅಯ್ಯೋ, ಮೊದಲು ಇದನ್ನ ನೋಡ್ಕೋಬೇಕಿತ್ತು,” ಎಂಬ ಗೊಣಗು ಗುಂಡಿಯಿಂದ ಕೇಳಿಯೇ ಅತ್ತೆಗೆ ಅರ್ಥವಾಯಿತು. ಎಷ್ಟೋ ವರ್ಷದ ಬಾಕಿ ತೀರಿಸುವ ಹುರುಪಿನಲ್ಲಿ ಕುರ್ಚಿಯಿಂದ ಮುಂದಕ್ಕೆ ಬಾಗಿದರು. “ದಾರ ನೋಡದೆ ಹೊಲಿಗೆ ಬಿಚ್ಚಿದೆಯೇನೇ?”

ಟೇಪಕ್ಕನಿಗೆ ಅಳು ಬರಬೇಕಿತ್ತು, ಬಂದದ್ದು ನಗು. ಗುಂಡಿಯಲ್ಲಿ ಅವಳು, ಅಂಗಳದಲ್ಲಿ ಅತ್ತೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಗೇಟು ಕಿರ್ರೆಂದಿತು. ಆ ದಿನವೇ ಸಾವಕಾಶಪ್ಪ ಬೇಗ ಸೋತಿದ್ದ.

ಕಾರಿನ ಕೆಳಗೆ ತನ್ನದೇ ಖಾಕಿ ಅಂಗಿ ಕಂಡು ಅವನು ನಿಂತ. ಗುಂಡಿಯ ಅಂಚಿಗೆ ಎತ್ತಿಟ್ಟಿದ್ದ ಬಾಂಡಲಿ ನೋಡಿದ. ಬಾಗಿ ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ಮಿನುಗುವ ಪುಡಿಯನ್ನು ಬಹಳ ಹೊತ್ತು ನೋಡಿದ. ಕೂಗಾಡುತ್ತಾನೆಂದು ಟೇಪಕ್ಕ ಹಲ್ಲು ಕಚ್ಚಿ ಕಾದಳು. ಅವನು ಪ್ಯಾಂಟು ಮಡಿಚಿ, ಬೆನ್ನಿಗೆ ಕೈ ಕೊಟ್ಟುಕೊಂಡು, ಎಷ್ಟೋ ವರ್ಷದ ಮೇಲೆ ಆ ಗುಂಡಿಗೆ ಇಳಿದ.

“ಎಲ್ಲಿ, ಸರಿ ಸ್ವಲ್ಪ,” ಎಂದ.

ಒಬ್ಬರಿಗಾಗಿ ತೋಡಿದ ಗುಂಡಿ. ಇಬ್ಬರೂ ಒತ್ತಿಕೊಂಡು ಕೂರಬೇಕಾಯಿತು, ಮೊಣಕಾಲಿಗೆ ಮೊಣಕಾಲು ತಾಗಿ. ಅವನು ಬಿರಡೆಯನ್ನು ಬೆರಳಲ್ಲಿ ಸವರಿ, “ಸ್ಪ್ಯಾನರ್ ಗಿಡ್ಡ ಆಯ್ತು. ಹಿಡಿಗೆ ಸಿಕ್ಕಿಸೋಕೆ ಉದ್ದದ ಕೊಳವೆ ಏನಾದ್ರೂ ಬೇಕು,” ಎಂದ. ಪರದೆಯ ಸರಳೂ ಆಗಲಿಲ್ಲ, ಪೊರಕೆಯ ಹಿಡಿಯೂ ಆಗಲಿಲ್ಲ. ಆಗ ಅತ್ತೆ ಕೂತಲ್ಲಿಂದಲೇ ತಮ್ಮ ಊರುಗೋಲನ್ನು ಗುಂಡಿಯೊಳಗೆ ಚಾಚಿದರು. ಸ್ಟೀಲಿನ ದಪ್ಪ ಕೊಳವೆಯದು. ತುದಿಯ ರಬ್ಬರು ಆಗಲೇ ಕಿತ್ತಿದ್ದರು.

“ಬಗ್ಗಿದ್ರೆ ಹೊಸದು ಕೊಡಿಸ್ತೀನಮ್ಮ,” ಎಂದ ಮಗ.

“ಅದು ಬಗ್ಗಲಿ. ನೀನು ಒಂಚೂರು ಬಗ್ಗಿದ್ದೀಯಲ್ಲ, ಅಷ್ಟು ಸಾಕು.”

ಸಾವಕಾಶಪ್ಪ ಸ್ಪ್ಯಾನರಿನ ತಲೆ ಜಾರದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದ. “ನಾನು ಹಿಡ್ಕೊಂಡಿರ್ತೀನಿ, ನೀನೇ ಎಳಿ. ಸಾವಕಾಶ.” ಟೇಪಕ್ಕ ಊರುಗೋಲಿನ ತುದಿಗೆ ಜೋತುಬಿದ್ದಳು. ಕೋಲು ಬಿಲ್ಲಿನಂತೆ ಬಾಗಿತು. ಠಕ್ ಎಂದಿತು. ಮುರಿದದ್ದು ಕೋಲೋ ಬಿರಡೆಯೋ ತನ್ನ ಮಣಿಕಟ್ಟೋ ಎಂದು ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ಬಿರಡೆ ಗಂಡನ ಬೆರಳುಗಳ ನಡುವೆ ಬಡಪಾಯಿಯಂತೆ ತಿರುಗುತ್ತಿತ್ತು.

ಆಮೇಲಿನದು ಹಬ್ಬವೇ. ಅವಳು ಮೇಲಿನಿಂದ ಲಾಳಿಕೆ ಇಟ್ಟು ನಳಿಗೆಯಲ್ಲಿ ಜೇನಿನಷ್ಟು ಮಂದವಾದ ಹೊಸ ಎಣ್ಣೆ ಸುರಿದಳು. ರಂಧ್ರದಿಂದ ಎಣ್ಣೆ ಹೊರಸೂಸಿದರೆ ತುಂಬಿತೆಂದು ಲೆಕ್ಕ. ಅದನ್ನು ನೋಡಿ ಹೇಳುವುದು ಕೆಳಗಿದ್ದ ಗಂಡನ ಕೆಲಸ. ಅವನು ತನ್ನ ವೇಗದಲ್ಲಿ “ಸಾ... ಕು” ಎಂದು ಮುಗಿಸುವಷ್ಟರಲ್ಲಿ ಎಣ್ಣೆ ಅವನ ಬಿಳಿ ಅಂಗಿಯ ಮೇಲೆ ಇಳಿದಿತ್ತು. “ಕೆಲವು ಮಾತು ಬೇಗ ಹೇಳಬೇಕು ಕಣೋ,” ಎಂದರು ಅತ್ತೆ.

ಮೊದಲ ಸುತ್ತು ಅವಳನ್ನು ಪಕ್ಕ ಕೂರಿಸಿಕೊಂಡು ಅವನೇ ಓಡಿಸಿದ. ಒಂದರಿಂದ ಎರಡಕ್ಕೆ ಹಾಕುವಾಗ ಅವನ ಕೈ ಎಂದಿನಂತೆ ನಡುವೆ ಒಂದು ಕ್ಷಣ ತಡೆದು, ಕಾರನ್ನು ಪುಸಲಾಯಿಸಲು ಹೋಯಿತು. ಪುಸಲಾಯಿಸುವ ಮೊದಲೇ ಗೇರು ಒಳಗಿತ್ತು. ಅವನು ಮತ್ತೊಮ್ಮೆ ಹಾಕಿ ನೋಡಿದ, ಮಗದೊಮ್ಮೆ ಹಾಕಿದ. ಗೇಟಿನ ಮುಂದೆ ನಿಲ್ಲಿಸಿ, ಇಳಿದು, ಸುತ್ತಿ ಬಂದು ಅವಳ ಪಕ್ಕದ ಬಾಗಿಲು ತೆರೆದ.

“ನಿನ್ನ ಕೈದಲ್ಲ. ಕಾರಿಂದೇ ತಪ್ಪು,” ಎಂದ. “ಅದು ಹದಗೆಡ್ತಾ ಬಂದ ಹಾಗೆ ನಾನು ಅದಕ್ಕೆ ಹೊಂದ್ಕೊಂಡು ಓಡಿಸ್ತಾ ಬಂದೆ. ನನಗೆ ಗೊತ್ತೇ ಆಗಲಿಲ್ಲ. ನಿನ್ನ ಕೈ ಚೆನ್ನಾಗೇ ಇದೆ.”

“ಸ್ವಲ್ಪ ಜೋರಾಗಿ ಹೇಳಿ,” ಎಂದಳು ಟೇಪಕ್ಕ. “ಅತ್ತೆಗೆ ಕಿವಿ ಮಂದ.” ಅತ್ತೆಯ ಕಿವಿ ಪಾತಾಳದ ಪಿಸುಮಾತನ್ನೂ ಕೇಳುವಂಥದ್ದು. ಆದರೂ ಅವನು ಜೋರಾಗಿ ಹೇಳಿದ. ಅವಳಿಗೆ ಕಣ್ಣು ತುಂಬಿ ಬಂತು. ಸೆರಗಿರಲಿಲ್ಲವಾಗಿ ಖಾಕಿ ತೋಳಿನಲ್ಲೇ ಒರೆಸಿಕೊಂಡು ಮುಖಕ್ಕೆಲ್ಲ ಎಣ್ಣೆ ಮಾಡಿಕೊಂಡಳು.

ಮರುದಿನದ ಪರೀಕ್ಷೆಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಅಧಿಕಾರಿಣಿ ಹಿಂದಿನ ಎರಡು ಸಲವೂ ಇವಳನ್ನು ಫೇಲು ಮಾಡಿದ್ದವರೇ. ಎರಡನೇ ಗೇರಿನ ಹೊತ್ತಿಗೆ ಕರ್ರ್ ಎನ್ನುತ್ತದೆಂದು ಮೊದಲೇ ಮುಖ ಹಿಂಡಿಕೊಂಡವರು, ಏನೂ ಕೇಳದೆ, ಹಿಂಡಿದ ಮುಖವನ್ನು ಏನು ಮಾಡುವುದೆಂದು ತಿಳಿಯದೆ ಸುಮ್ಮನೆ ಕೂತರು. ಕೊನೆಗೆ, “ಪಾಸಾಗಿದ್ದೀರಿ. ಕೈ ಪಳಗಿದೆ,” ಎಂದರು. ಟೇಪಕ್ಕ ಕಾರಿನ ಪರವಾಗಿಯೂ ಸೇರಿಸಿ ಧನ್ಯವಾದ ಹೇಳಿದಳು.

ಮನೆಯ ದಾರಿಯಲ್ಲಿ ಅವಳೇ ಓಡಿಸಿದಳು. ಸಾವಕಾಶಪ್ಪ ಪಕ್ಕದಲ್ಲಿ ಕೂತು ಮೊದಮೊದಲು ಎಂದಿನಂತೆ ಎರಡೂ ಕಾಲಲ್ಲಿ ನೆಲ ತುಳಿಯುತ್ತಿದ್ದ. ಮಾರುಕಟ್ಟೆ ದಾಟಿದ ಮೇಲೆ ಬಲಗಾಲು ಸುಮ್ಮನಾಯಿತು. ಸೇತುವೆಯ ಹತ್ತಿರ ಎಡಗಾಲೂ ನಿಂತಿತು. ಸಿಗ್ನಲ್ಲಿನಲ್ಲಿ ಏನೋ ಕೇಳಿದಳು, ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅವನ ತಲೆ ಕಿಟಕಿಗೆ ವಾಲಿತ್ತು, ಬಾಯಿ ತೆರೆದಿತ್ತು. ಅವಳು ಮತ್ತೆ ಮತ್ತೆ ತಿರುಗಿ ನೋಡಿದಳು. ಹಿಂದಿನ ಗಾಡಿಯವನು ಹಾರ್ನು ಹೊಡೆದಾಗಲೇ ದೀಪ ಹಸಿರಾದದ್ದು ತಿಳಿದದ್ದು.

ಬೀದಿಗೆ ತಿರುಗಿದಾಗ ಅತ್ತೆ ಗೇಟಿನಲ್ಲಿ ಸೊಟ್ಟ ಊರುಗೋಲು ಊರಿ ಕಾಯುತ್ತಿದ್ದರು. ಟೇಪಕ್ಕ ಕಾರು ನಿಧಾನಿಸಿ, ಸದ್ದಿಲ್ಲದೆ ಗೆಲುವಿನ ಹೆಬ್ಬೆರಳು ಎತ್ತಿ, ಆಮೇಲೆ ಪಕ್ಕದ ಸೀಟಿನ ಕಡೆ ಕಣ್ಣು ತೋರಿಸಿದಳು. ಅತ್ತೆ ಬಾಗಿ ಮಗನನ್ನು ನೋಡಿದರು. ಗೇಟು ತೆರೆಯಲು ಚಾಚಿದ ಕೈ ಹಿಂದೆಗೆದುಕೊಂಡು, ಸೊಟ್ಟ ಕೋಲನ್ನು ಎತ್ತಿ, ಹೋಗು ಹೋಗು, ಇನ್ನೊಂದು ಸುತ್ತು ಎಂದು ಬೀದಿಯ ತುದಿಯ ಕಡೆ ಬೀಸಿದರು. ಟೇಪಕ್ಕ ಕ್ಲಚ್ಚು ಒತ್ತಿ ಎರಡನೇ ಗೇರಿಗೆ ಹಾಕಿದಳು. ಅವನಿಗೆ ಎಚ್ಚರವಾಗಲಿಲ್ಲ.