ಮಲಗಿ ನೋಡಿದ ಬಣ್ಣ

ಪೇಂಟರುಗಳ ನಡುವೆ ಅವನಿಗೆ ಸರಸರ ಮೇಸ್ತ್ರಿ ಎಂಬ ಹೆಸರು ಸುಮ್ಮನೆ ಬಿದ್ದಿರಲಿಲ್ಲ. ಬೇರೆಯವರು ನಾಲ್ಕು ದಿನ ಎಳೆಯುವ ಮನೆಯನ್ನು ಅವನು ಇಬ್ಬರು ಆಳುಗಳನ್ನು ಕಟ್ಟಿಕೊಂಡು ಎರಡೂವರೆ ದಿನದಲ್ಲಿ ಮುಗಿಸಿ, ಏಣಿ ಹೆಗಲಿಗೇರಿಸಿ ಮುಂದಿನ ಮನೆಯ ದಾರಿ ಹಿಡಿಯುತ್ತಿದ್ದ. ಹಾಗೆಂದು ಕೆಲಸದಲ್ಲಿ ಮೋಸವಿರಲಿಲ್ಲ. ಪುಟ್ಟಿ ನಯವಾಗಿ ಕೂರುತ್ತಿತ್ತು, ಕಿಟಕಿಯ ಗಾಜಿನ ಮೇಲೆ ಒಂದು ಹನಿ ಬೀಳುತ್ತಿರಲಿಲ್ಲ. ಆದರೆ ಯಾವ ಬಣ್ಣ ಎನ್ನುವ ವಿಷಯಕ್ಕೆ ಅವನು ತಲೆ ಕೆಡಿಸಿಕೊಂಡವನೇ ಅಲ್ಲ. ಮನೆಯ ಗಂಡ ಹೆಂಡತಿ ಬಣ್ಣದ ಪಟ್ಟಿ ಹಿಡಿದುಕೊಂಡು ಜಗಳಕ್ಕೆ ನಿಂತರೆ ಇವನು ಆಚೆ ಹೋಗಿ ಟೀ ಕುಡಿದು ಬರುತ್ತಿದ್ದ. ಗೋಡೆಗೆ ಅವರು ಹೇಳಿದ್ದು, ಚಾವಣಿಗೆ ಬಿಳಿ. ಇಪ್ಪತ್ತೈದು ವರ್ಷ ಅವನ ಶಾಸ್ತ್ರವೆಲ್ಲ ಇಷ್ಟೇ. ಚಾವಣಿಯನ್ನು ತಲೆಯೆತ್ತಿ ನೋಡುವಷ್ಟು ಪುರಸೊತ್ತು ಯಾರಿಗಿದೆ ಎನ್ನುತ್ತಿದ್ದ.

ನಲವತ್ತೇಳನೆಯ ವಯಸ್ಸಿನಲ್ಲಿ ಆ ಪುರಸೊತ್ತು ಅವನಿಗೇ ಒದಗಿ ಬಂತು. ಒಂದು ಶಾಲೆಯ ಮೆಟ್ಟಿಲ ಮೇಲೆ ಸಾರುವೆ ಕಟ್ಟಿ ಹಲಗೆಯ ಮೇಲೆ ನಿಂತಿದ್ದ. ಹಗ್ಗ ಇನ್ನೊಂದು ಸುತ್ತು ಬಿಗಿಯಬೇಕು ಎಂದು ಆಳು ಹೇಳುತ್ತಿದ್ದಂತೆಯೇ, ಆಮೇಲೆ ನೋಡೋಣ ಎಂದು ಕೈ ಮುಂದೆ ಚಾಚಿದ. ಹಲಗೆ ಜಾರಿತು. ಎಚ್ಚರವಾದಾಗ ಬಲತೊಡೆಯ ಮೂಳೆ ಎರಡು ತುಂಡಾಗಿದೆ ಎಂದರು. ಒಳಗೆ ಕಂಬಿ ಹಾಕಿ ಹೊಲಿದರು. ಹೊಲಿದ ಜಾಗ ಕೀವುಗಟ್ಟಿತು. ಹತ್ತು ದಿನದಲ್ಲಿ ಮನೆಗೆ ಹೋಗಬೇಕಾದವನು ಒಂಬತ್ತು ವಾರ ಮಲಗಿದ.

ಹನ್ನೆರಡು ಮಂಚಗಳ ಉದ್ದನೆಯ ವಾರ್ಡು. ಅವನದು ಏಳನೆಯ ಮಂಚ. ಗೋಡೆಗೆಲ್ಲ ಪಾಚಿಯಂಥ ದಟ್ಟ ಹಸಿರು ಎನಾಮೆಲ್, ಒರೆಸಲು ಸುಲಭವೆಂದು ಯಾವಾಗಲೋ ಹೊಡೆದದ್ದು, ಟ್ಯೂಬ್‌ಲೈಟಿನ ಬೆಳಕಿಗೆ ಒದ್ದೆಯಾದ ಹಾಗೆ ಮಿರಮಿರ ಮಿರುಗುತ್ತಿತ್ತು. ಮೇಲೆ ಚಾವಣಿ ನೀಲಿ ಬೆರೆತ ಬಿಳಿ. ಕಣ್ಣು ಬಿಟ್ಟರೆ ಅದೇ, ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಅದೇ. ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಅಯ್ಯೋ, ಎಷ್ಟು ಬಾಡಿಹೋಗಿದ್ದೀರಿ. ಅವನಿಗಷ್ಟೇ ಅಲ್ಲ, ಹನ್ನೆರಡು ಮಂಚಕ್ಕೂ ಅದೇ ಮಾತು. ಕೇಳಿ ಕೇಳಿ ಬಾಡದವನೂ ಬಾಡಬೇಕು.

ಹೆಂಡತಿ ದಿನಾ ಸಂಜೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮುಗಿಸಿಕೊಂಡು ನೇರ ಆಸ್ಪತ್ರೆಗೆ ಬರುತ್ತಿದ್ದಳು. ಎರಡನೆಯ ವಾರ ಒಂದು ಸಂಜೆ ಅವನು ಅವಳ ಮುಖ ನೋಡಿದ. ಕೆನ್ನೆಯೆಲ್ಲ ಹಸಿರುಗಟ್ಟಿದ ಹಳದಿ, ಕಣ್ಣ ಕೆಳಗೆ ಕಪ್ಪು. ತನ್ನ ಸೇವೆಯಲ್ಲಿ ಇವಳೂ ಹಾಸಿಗೆ ಹಿಡಿಯುತ್ತಾಳೆ ಎಂದು ಹೆದರಿ, ರಕ್ತ ಪರೀಕ್ಷೆ ಮಾಡಿಸು ಎಂದು ಬೆನ್ನು ಹತ್ತಿದ. ಅವಳು ನನಗೇನಾಗಿದೆ ಎಂದು ನಕ್ಕು ಎದ್ದು ಹೊರಟಳು. ಬಾಗಿಲಾಚೆ ವರಾಂಡದ ಬೆಳಕಿಗೆ ಹೋಗಿ ತಿರುಗಿ ನೋಡಿದಾಗ ಅವಳ ಮುಖ ಎಂದಿನ ಹಾಗೇ ಇತ್ತು. ಮರುದಿನವೂ ಹಾಗೇ ಆಯಿತು. ಬಾಗಿಲಲ್ಲಿ ಚೆನ್ನಾಗಿರುವವಳು ಮಂಚದ ಹತ್ತಿರ ಬರುತ್ತಿದ್ದಂತೆ ರೋಗಿಯಾಗುತ್ತಿದ್ದಳು. ಮೂರನೆಯ ದಿನ ಅವನಿಗೆ ಹೊಳೆಯಿತು. ಇದು ಕಾಯಿಲೆಯಲ್ಲ, ಎನಾಮೆಲ್. ಗೋಡೆಯ ಹಸಿರು ಎಲ್ಲರ ಮುಖಕ್ಕೂ ರಾಚುತ್ತಿದೆ.

ಇದನ್ನು ಪಕ್ಕದ ಮಂಚದ ಟೈಲರ್ ತಾತನಿಗೆ ಹೇಳಿದ. ಸೊಂಟ ಮುರಿದುಕೊಂಡು ಬಂದಿದ್ದ ಎಪ್ಪತ್ತು ದಾಟಿದ ಮುದುಕ. ಊಟದ ತಟ್ಟೆ ಬಂದರೆ ಅತ್ತ ತಳ್ಳಿ ಗೋಡೆಗೆ ಮುಖ ತಿರುಗಿಸುವವನು. ಅವನು ಗೋಡೆಯಿಂದ ಮುಖ ಇತ್ತ ತಿರುಗಿಸಿ, "ನನ್ನ ಅಂಗಡಿಯಲ್ಲಿ ಲೈಟಿನ ಕೆಳಗೆ ಯಾರಿಗೂ ಬಟ್ಟೆ ಆರಿಸೋಕೆ ಬಿಡ್ತಿರಲಿಲ್ಲಪ್ಪ. ಬಾಗಿಲ ಹತ್ರ ಕರ್ಕೊಂಡು ಹೋಗಿ, ಹೆಗಲ ಮೇಲೆ ಹಾಕಿ, ಆಮೇಲೆ ಹೇಳಿ ಅಂತಿದ್ದೆ. ನೀನು ಇಷ್ಟು ವರ್ಷ ಬಣ್ಣ ಹೊಡೆದವನು, ಈಗ ಗೊತ್ತಾಯ್ತಾ?" ಎಂದ.

ಮೇಸ್ತ್ರಿಗೆ ನಾಚಿಕೆಯಾಯಿತು. ಅವತ್ತೇ ಹೆಂಡತಿಯ ಕಿವಿಯಲ್ಲಿ ಒಂದು ಮಾತು ಹಾಕಿದ. ಯಾರೂ ಕೇಳಿಕೊಂಡು ಬಾರದೆ ವರ್ಷದಿಂದ ಲಾಂಡ್ರಿಯಲ್ಲಿ ಉಳಿದಿದ್ದ ಒಂದು ಕೆನೆಬಣ್ಣದ ದೊಡ್ಡ ಹೊದಿಕೆಯನ್ನು ಅವಳು ಮಾಲೀಕರನ್ನು ಕೇಳಿ ತಂದಳು. ದೊಡ್ಡ ಸಿಸ್ಟರ್, ಅಂದರೆ ವಾರ್ಡಿನ ಹಿರಿಯ ನರ್ಸಮ್ಮ, ಮೊದಲು ಇದೆಲ್ಲ ಆಗದು ಎಂದರು, ಆಮೇಲೆ ತಾವೇ ಎರಡು ಮೊಳೆ ಹುಡುಕಿ ಕೊಟ್ಟರು. ತಾತನ ಪಕ್ಕದ ಗೋಡೆ ಮುಚ್ಚಿತು. ಎರಡು ದಿನ ಕಳೆದ ಮೇಲೆ ತಾತ ಅರ್ಧ ತಟ್ಟೆ ಊಟ ಮಾಡಿದ. ಅದು ಬಟ್ಟೆಯ ಬಣ್ಣದಿಂದಲೋ, ಮೂರು ಜನ ಸೇರಿ ತನಗಾಗಿ ಗೋಡೆಗೆ ಮೊಳೆ ಹೊಡೆದರಲ್ಲ ಎನ್ನುವ ಸಮಾಧಾನದಿಂದಲೋ, ಹೇಳುವವರು ಯಾರು? ಸಿಸ್ಟರ್ ಮಾತ್ರ ತಟ್ಟೆ ಎತ್ತಿಕೊಂಡು ಹೋಗುವಾಗ ಆ ಹೊದಿಕೆಯನ್ನು ಒಂದು ಸಲ ನೋಡಿ ಹೋದರು.

ಮನೆಗೆ ಬಂದ ಮೇಲೆ ಕಷ್ಟ ಶುರುವಾಯಿತು. ಕೋಲು ಹಿಡಿದು ನಡೆಯಬಹುದು, ಏಣಿ ಹತ್ತುವ ಯೋಚನೆ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವನ ಇಬ್ಬರು ಆಳುಗಳೂ, ಹೊಟ್ಟೆಪಾಡು ನೋಡಿ, ಬೇರೆ ಮೇಸ್ತ್ರಿಯ ಜೊತೆ ಸೇರಿಕೊಂಡಿದ್ದರು. ಸರಸರ ಓಡಾಡುತ್ತಿದ್ದವನು ಮುಂದಿನ ಕೋಣೆಯ ಹಾಸಿಗೆಯಲ್ಲಿ ಕೂತು ದಿನವಿಡೀ ಅಡುಗೆಮನೆಯ ಬಾಗಿಲು ನೋಡುವ ಹಾಗಾಯಿತು. ನೋಡುತ್ತ ನೋಡುತ್ತ ಅವನಿಗೆ ತನ್ನ ಮನೆ ಮೊದಲ ಸಲ ಕಣ್ಣಿಗೆ ಬಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಅಡುಗೆಮನೆಗೆ ಮೂರು ಸಲ ಬಣ್ಣ ಹೊಡೆದಿದ್ದ. ಮೂರು ಸಲವೂ ಬೇರೆಯವರ ಮನೆಯಲ್ಲಿ ಮಿಕ್ಕಿದ್ದು. ಈಗಿರುವುದು ಯಾವುದೋ ಗೋದಾಮಿನ ಬಾಗಿಲಿಗೆ ಹೊಡೆದು ಉಳಿದ ಕಂದು. ಲಾಂಡ್ರಿಗೆ ರಜೆಯಿದ್ದ ದಿನ ಬೆಳಗಿನ ಹನ್ನೊಂದು ಗಂಟೆಗೂ ಹೆಂಡತಿ ಅಲ್ಲಿ ಲೈಟು ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದಳು.

"ಈ ಬಣ್ಣ ನಿನಗೆ ಇಷ್ಟಾನಾ?" ಎಂದು ಕೇಳಿದ.

ಅವಳು ಚಾಕು ನಿಲ್ಲಿಸಿ ಗೋಡೆಯನ್ನು ನೋಡಿದಳು. "ಇಷ್ಟ ಕಷ್ಟ ಅಂತ ಏನಿಲ್ಲ. ಒಳಗೆ ಬಂದ್ರೆ ಯಾಕೋ ಬೇಗ ಮುಗಿಸಿ ಆಚೆ ಹೋಗೋಣ ಅನ್ಸುತ್ತೆ. ಅಷ್ಟೇ."

ಆ "ಅಷ್ಟೇ" ಅವನಿಗೆ ಎಲ್ಲೋ ಚುರುಕ್ಕೆಂದಿತು. ಊರಿನ ಮನೆಗಳಿಗೆಲ್ಲ ಬಣ್ಣ ಕೊಟ್ಟವನು, ಮನೆಯಾಕೆಯನ್ನು ಬೇಗ ಆಚೆ ಹೋಗೋಣ ಅನ್ನಿಸುವ ಜಾಗದಲ್ಲಿ ಇಷ್ಟು ವರ್ಷ ನಿಲ್ಲಿಸಿದ್ದ. ಹಾಗಾದರೆ ಯಾವ ಬಣ್ಣ ಬೇಕು ಎಂದು ಕೇಳಿದ. ಯಾರೂ ಕೇಳದ ಪ್ರಶ್ನೆಗೆ ಉತ್ತರ ತಕ್ಷಣ ಎಲ್ಲಿಂದ ಬರಬೇಕು? ನಾಲ್ಕು ದಿನ ಹಳೆಯ ಬಣ್ಣದ ಪಟ್ಟಿಗಳನ್ನು ತಿರುವಿ ಹಾಕಿದಳು. ಐದನೆಯ ದಿನ ಪಟ್ಟಿಯನ್ನು ಬದಿಗಿಟ್ಟು, ಪೆಟ್ಟಿಗೆಯ ತಳದಿಂದ ಒಂದು ಹಳೆಯ ದಿಂಬಿನ ಚೀಲ ತೆಗೆದು ಅವನ ತೊಡೆಯ ಮೇಲೆ ಹಾಕಿದಳು. "ಹೊಸದಿದ್ದಾಗ ಈ ಹಳದಿ ಕಣ್ಣಿಗೆ ಚುಚ್ಚುತ್ತಿತ್ತು. ಒಗೆದು ಒಗೆದು ಹೀಗಾಗಿದೆ ನೋಡಿ. ಇದು ಬರುತ್ತಾ?"

ನೂರು ಸಲ ಒಗೆದ ಹಳದಿ. ಯಾವ ಕಂಪನಿಯ ಪಟ್ಟಿಯಲ್ಲೂ ಅದಿರಲಿಲ್ಲ. ಅವನು ಕುರ್ಚಿಯ ಮೇಲೆ ಕೂತು, ಮುರಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಬಿಳಿಗೆ ಹಳದಿ, ಹಳದಿಗೆ ತುಸು ಕೆಮ್ಮಣ್ಣು ಬೆರೆಸುತ್ತ ಹೋದ. ಒಂದು ಸಲ ಬೆಣ್ಣೆಯಾಯಿತು, ಇನ್ನೊಂದು ಸಲ ಒದ್ದೆ ಮರಳಾಯಿತು. ಗೋಡೆಯ ಮೂಲೆಯಲ್ಲಿ ಬಳಿದು, ಒಣಗಿಸಿ, ಪಕ್ಕದಲ್ಲಿ ದಿಂಬಿನ ಚೀಲ ಹಿಡಿದು ನೋಡಿದರು. ಮೂರನೆಯದಕ್ಕೆ ಅವಳು ಇದೇ ಎಂದಳು. ಬಣ್ಣ ಸಿಕ್ಕಿತು, ಹೊಡೆಯುವವರು ಯಾರು? ಅವಳೇ ಸೆರಗು ಬಿಗಿದು ಏಣಿ ಹತ್ತಿದಳು.

ಕೆಳಗಿನಿಂದ ಅವನ ಉಪದೇಶ ನಿಲ್ಲಲಿಲ್ಲ. ಬ್ರಷ್ಷು ಅಷ್ಟು ಅದ್ದಬೇಡ, ಕೈ ಎತ್ತಬೇಡ, ಬೇಗ ಎಳಿ, ಒಣಗಿಬಿಡುತ್ತೆ. ಕೊನೆಗೆ ಅವಳು ಏಣಿಯ ಮೇಲಿಂದಲೇ ತಿರುಗಿ, "ರೀ, ಇದು ನನ್ನ ಅಡುಗೆಮನೆ. ಇದಕ್ಕೆ ಸರಸರ ಬೇಡ" ಎಂದಳು. ಅವನು ಏಣಿಯ ಕಾಲು ಹಿಡಿದುಕೊಂಡು ಕೂತ. ಹತ್ತಡಿ ಉದ್ದದ ಅಡುಗೆಮನೆಗೆ ನಾಲ್ಕು ದಿನ ಹಿಡಿಯಿತು. ಅಂಚುಗಳು ಅಂಕುಡೊಂಕಾದವು. ಆದರೆ ಕೆಲಸ ಮುಗಿದ ವಾರದಲ್ಲಿ ಅವನು ಗಮನಿಸಿದ. ಅವಳು ಪಾತ್ರೆ ತೊಳೆದಾದ ಮೇಲೂ ಅಲ್ಲೇ ಕಿಟಕಿಗೆ ಒರಗಿ ನಿಲ್ಲುತ್ತಿದ್ದಳು, ಟೀ ಅಲ್ಲೇ ಕುಡಿಯುತ್ತಿದ್ದಳು. ಅವನೂ ಕುರ್ಚಿ ಎಳೆದುಕೊಂಡು ಅಲ್ಲಿಗೇ ಹೋಗತೊಡಗಿದ. ವರ್ಷಗಳ ನಂತರ ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕೂತು ಮಾತಾಡಿದರು.

ಒಂದು ಬೆಳಿಗ್ಗೆ ದೊಡ್ಡ ಸಿಸ್ಟರ್ ಫೋನು ಮಾಡಿದರು. ವಾರ್ಡಿಗೆ ಬಣ್ಣ ಹೊಡೆಸುತ್ತಿದ್ದಾರೆ, ಡಬ್ಬಿಗಳು ಬಂದಿವೆ, ಮತ್ತೆ ಅದೇ ಹಸಿರು, ನೀವು ಒಂದು ಸಲ ಬರುತ್ತೀರಾ ಎಂದರು. ಗಂಡ ಹೆಂಡತಿ ಇಬ್ಬರೂ ಹೋದರು. ಈ ಸಲ ಬಂದಿದ್ದು ಹೊಳಪಿಲ್ಲದ ನೀರಿನ ಬಣ್ಣ, ಅಷ್ಟರ ಮಟ್ಟಿಗೆ ಪುಣ್ಯ. ಆದರೆ ಕಾಗದದಲ್ಲಿ ಹಸಿರು ಎಂದು ಬರೆದಾಗಿದೆ, ಬದಲಾಯಿಸಲು ಬರುವುದಿಲ್ಲ ಎಂದು ಆಫೀಸಿನವರು ಹೇಳಿದ್ದರಂತೆ. ಮೇಸ್ತ್ರಿ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಹಸಿರೇ ಇರಲಿ ಸಿಸ್ಟರ್, ಎಷ್ಟು ಹಸಿರು ಅಂತ ಬರೆದಿಲ್ಲವಲ್ಲ ಎಂದ. ಒಂದು ಪಾಲು ಹಸಿರಿಗೆ ಎಂಟು ಪಾಲು ಬಿಳಿ, ಮೇಲೆ ಒಂದು ಚಮಚ ಹಳದಿ. ಕಲಸಿದಾಗ ಈಗತಾನೇ ಮೊಳೆತ ಕಾಳಿನ ಒಳಗಿರುವಂಥ ಬಣ್ಣ ಬಂತು.

ಕೆಲಸ ಅವರಿಗೇ ಬಂತು. ಮೂರು ಮೂರು ಮಂಚಗಳನ್ನು ವರಾಂಡಕ್ಕೆ ಸರಿಸುತ್ತ, ಹಳೆಯ ಹೊಳಪನ್ನು ಉಜ್ಜಿ ತೆಗೆದು, ಪ್ರೈಮರ್ ಹೊಡೆದು, ಮೂರು ವಾರ ನಡೆಯಿತು. ಗೋಡೆಗೆ ಅವನ ಹಳೆಯ ಆಳೊಬ್ಬ ವಾಪಸ್ಸು ಬಂದ. ಚಾವಣಿ ಮಾತ್ರ ಹೆಂಡತಿಯದು. ಅವಳು ಮೇಲೆ ಹಲಗೆಯ ಮೇಲೆ ನಿಂತು ಒಂದೊಂದು ಬಗೆಯ ಬಿಳಿ ಬಳಿದು ತೋರಿಸುತ್ತಿದ್ದಳು, ಹಲಗೆಯ ಹಗ್ಗವನ್ನು ದಿನಾ ಎರಡು ಸಲ ಅವನೇ ಪರೀಕ್ಷಿಸುತ್ತಿದ್ದ, ಆಮೇಲೆ ಕೆಳಗೆ ಮಂಚದಲ್ಲಿ ಅಂಗಾತ ಮಲಗಿ ನೋಡುತ್ತಿದ್ದ. ಅವನಿಗೆ ಬೇಕಾದ ಬಿಳಿಯನ್ನು ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ. ಇದು ತಣ್ಣಗಿದೆ, ಇದು ಸುಣ್ಣ ಆಯ್ತು ಎಂದು ಗೊಣಗುತ್ತಿದ್ದ. ಲಾಂಡ್ರಿಯಲ್ಲಿ ಬಿಳಿಯೊಂದಿಗೇ ಬದುಕಿದವಳು ಅವಳು. "ನೀಲಿ ಹಾಕಿ ಒಣಗಿಸಿದ ಬಿಳಿ ಅಲ್ಲ. ಇಸ್ತ್ರಿ ಮಾಡಿ ಮಡಚೋವಾಗ ಬೆಚ್ಚಗೆ ಇರುತ್ತಲ್ಲ, ಆ ಬಿಳಿ. ಅದು ತಾನೇ?" ಎಂದಳು. ಅದೇ ಎಂದ. ಬಕೆಟ್ಟಿಗೆ ಚಿಟಿಕೆಯಷ್ಟು ಹಳದಿ, ಅದಕ್ಕಿಂತ ಕಡಿಮೆ ಕೆಂಪು ಬಿತ್ತು.

ಆಫೀಸಿನ ಮೇಲ್ವಿಚಾರಕರು ಒಂದು ಮಧ್ಯಾಹ್ನ ಬಂದರು. ಮಂಚದ ಮೇಲೆ ಮಲಗಿದ್ದ ಮೇಸ್ತ್ರಿಯನ್ನು ಕಂಡು ಅವರ ಹುಬ್ಬು ಗಂಟಾಯಿತು. ಚಾವಣಿಗೆ ಇಷ್ಟು ದಿನವೇ ಎಂದು ಕೇಳಿದರು. ಅವನು ಕೋಲು ಊರಿ ಎದ್ದು ನಿಂತು, "ಸಾರ್, ಒಂದೇ ನಿಮಿಷ ಇಲ್ಲಿ ಮಲಗಿ ನೋಡಿ" ಎಂದ. ಸಿಸ್ಟರ್ ತುಟಿ ಕಚ್ಚಿಕೊಂಡು ಆಚೆ ತಿರುಗಿದರು. ಏನನ್ನಿಸಿತೋ, ಸಾಹೇಬರು ಬೂಟಿನ ಕಾಲನ್ನು ಮಂಚದಾಚೆ ಇಳಿಬಿಟ್ಟು ಮಲಗಿಯೇಬಿಟ್ಟರು. ಒಂದು ಬದಿಯಲ್ಲಿ ಹಳೆಯ ನೀಲಿ ಚಾವಣಿ, ಇನ್ನೊಂದು ಬದಿಯಲ್ಲಿ ಹೊಸದು. ಒಂದು ನಿಮಿಷ ಎರಡಾಯಿತು. ಎದ್ದವರು ಕೂದಲು ಸರಿಮಾಡಿಕೊಂಡು, ನಮ್ಮ ತಾಯಿ ಕೊನೆಯ ವರ್ಷ ಪೂರ್ತಿ ಮಲಗಿಯೇ ಇದ್ದರು, ಎಂದಷ್ಟೇ ಹೇಳಿ, ನಡೀಲಿ ಎಂದು ಹೊರಟುಹೋದರು.

ಅಲ್ಲಿಂದ ಮುಂದೆ ಗಂಡ ಹೆಂಡತಿ ಜೋಡಿ ಕೆಲಸಕ್ಕೆ ನಿಂತರು. ಅವಳು ಲಾಂಡ್ರಿ ಬಿಟ್ಟಳು. ಯಾವ ಮನೆಗೆ ಹೋದರೂ ಅವನು ಬಣ್ಣದ ಪಟ್ಟಿ ಬಿಚ್ಚುವ ಮೊದಲು ಕೇಳುವುದು, ಇಲ್ಲಿ ಯಾರು ಹೆಚ್ಚು ಹೊತ್ತು ಇರುತ್ತಾರೆ, ಎಲ್ಲಿ ಕೂರುತ್ತಾರೆ, ಯಾವ ಕಡೆ ಮುಖ. ಅವರ ಜಾಗದಲ್ಲಿ ತಾನೂ ಒಂದು ಗಳಿಗೆ ಕೂತು ನೋಡುತ್ತಿದ್ದ. ಇವನೇನು ಡಾಕ್ಟರೋ ಪೇಂಟರೋ ಎಂದು ನಕ್ಕವರೂ ಇದ್ದರು.

ಹಾಗೆಂದು ಅವನಿಗೆ ಎಲ್ಲ ಗೊತ್ತಾಗಿಬಿಟ್ಟಿತ್ತೆಂದಲ್ಲ. ಮೊನ್ನೆ ಮೊನ್ನೆ ನಿವೃತ್ತ ಟೆಲಿಫೋನ್ ಆಪರೇಟರಮ್ಮ ಒಬ್ಬರ ಮನೆಯಿಂದ ಕರೆ ಬಂತು. ಆಕೆ ತಮ್ಮ ಮಲಗುವ ಕೋಣೆಗೆ ಗಾಢ ನೀಲಿ ಬೇಕೆಂದು ಹಟ ಹಿಡಿದಿದ್ದರು. ಯಜಮಾನರು ಹೋಗಿ ಆರು ತಿಂಗಳಾಗಿತ್ತು. ಕತ್ತಲಕೋಣೆ ಮಾಡಿಕೊಂಡರೆ ಅಮ್ಮ ಇನ್ನಷ್ಟು ಕುಗ್ಗುತ್ತಾರೆ ಎಂದು ಮಗ, ಸೊಸೆ ಇಬ್ಬರೂ ಬೇಡವೆನ್ನುತ್ತಿದ್ದರು. ಮೇಸ್ತ್ರಿಯೂ ಅವರ ಕಡೆಗೇ ವಾಲಿದ. ತಿಳಿಯಾದ ಬಣ್ಣ, ಬೆಳಕು, ಅದೂ ಇದೂ ಎಂದು ಹೇಳುತ್ತಿರುವಾಗ ಹೆಂಡತಿ ಅವನ ತೋಳು ಮುಟ್ಟಿ ಸುಮ್ಮನಾಗಿಸಿ, ಆಕೆಯ ಪಕ್ಕ ಕೂತು, ನೀಲಿ ಯಾಕಮ್ಮಾ ಎಂದು ಕೇಳಿದಳು.

"ಮೂವತ್ತೈದು ವರ್ಷ ಬೆಳ್ಳನೆ ಲೈಟಿನ ಕೆಳಗೆ ಕೂತು ಯಾರ್ಯಾರದೋ ಮಾತು ಯಾರ್ಯಾರಿಗೋ ಜೋಡಿಸಿದೆ ಕಣಮ್ಮ. ಮನೆಗೆ ಬಂದ್ರೆ ಅವರಿಗೂ ಲೈಟು ಇರಬೇಕು, ರಾತ್ರಿಯೆಲ್ಲ ಓದೋರು. ಅವರಿದ್ದಷ್ಟು ದಿನ ನಾನೂ ಹೇಳಲಿಲ್ಲ. ಈಗ ನನ್ನ ಕಣ್ಣಿಗೆ ಸ್ವಲ್ಪ ಕತ್ತಲೆ ಬೇಕು. ದುಃಖಕ್ಕಲ್ಲ, ನಿದ್ದೆಗೆ."

ಮಗ ಕಿಟಕಿಯಾಚೆ ನೋಡುತ್ತ ನಿಂತ. ಮೇಸ್ತ್ರಿ ಪಟ್ಟಿಯ ಕೊನೆಯ ಹಾಳೆ ತೆರೆದು, ಇದ್ದುದರಲ್ಲೇ ದಟ್ಟವಾದ ನೀಲಿಯನ್ನು ಆಕೆಯ ಮುಂದಿಟ್ಟ.

ನಾಲ್ಕನೆಯ ದಿನ ಮಧ್ಯಾಹ್ನ ಎರಡನೇ ಕೋಟು ಒಣಗಿತ್ತು. ಸೊಸೆ ಮಂಚ ಸರಿಸಿ ಹಾಸಿಗೆ ಹಾಕಿಕೊಟ್ಟಳು. ಒಂದು ಸಲ ನೋಡ್ತೀನಿ ಎಂದು ಒಳಗೆ ಹೋದ ಆಪರೇಟರಮ್ಮ ಬಾಗಿಲು ಮುಂದೆ ಮಾಡಿಕೊಂಡರು. ಇವರು ಏಣಿ, ಬಕೆಟ್ಟು ಕಟ್ಟಿಕೊಂಡು, ಹೇಳಿ ಹೊರಡೋಣವೆಂದು ಅಂಗಳದಲ್ಲಿ ಕಾದರು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಒಳಗಿಂದ ಸದ್ದಿಲ್ಲ. ಕೂಗಲೇ ಎಂದು ಅವನು ಕೋಲು ಊರಿ ಎದ್ದ.

"ಬೇಡ, ಮಲಗಿರಬೇಕು. ಬನ್ನಿ," ಎಂದಳು ಹೆಂಡತಿ ಮೆಲ್ಲಗೆ.

ಅವಳು ಏಣಿಯ ಮುಂದಿನ ತುದಿ ಎತ್ತಿಕೊಂಡಳು, ಅವನು ಹಿಂದಿನದನ್ನು ಹೆಗಲಿಗಿಟ್ಟುಕೊಂಡ. ಗೇಟಿನ ಚಿಲಕ ಸದ್ದಾಗದ ಹಾಗೆ ತೆಗೆದು, ಇಬ್ಬರೂ ನಿಧಾನವಾಗಿ ಬೀದಿಗಿಳಿದರು.