ತುಗ್ದುವಾಲನ ಮೆತ್ತನೆ ದನಿ

ತುಗ್ದುವಾಲ್ ನನ್ನ ಅಕ್ಕ ಗ್ವೆನೋಲಾಳ ಗಂಡ. ಭಾವ ಎಂದು ಬಹುವಚನ ಕೊಟ್ಟು ಬರೆಯುವ ಮನಸ್ಸು ನನಗಿಲ್ಲ. ಬ್ರಿಟನಿ ಸೀಮೆಯ ನಮ್ಮ ಬೆಟ್ಟದೂರುಗಳಲ್ಲಿ ಬೇಟೆಯ ಸ್ಪ್ಯಾನಿಯಲ್ ನಾಯಿ ಪಳಗಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬಾಯಿ ಮಾಡುವುದರಲ್ಲೂ ಅಷ್ಟೇ. ಪಾದ್ರಿಯ ಮೇಲೆ, ಅಂಚೆಯವಳ ಮೇಲೆ, ಸುರಿವ ಮಳೆಯ ಮೇಲೂ ಕೂಗಾಡುತ್ತಾನೆ. ಅಕ್ಕನ ಮೇಲಂತೂ ಕೂತರೂ ನಿಂತರೂ ಕೂಗಾಟ. ನಾಯಿಗಳ ಮುಂದೆ ಮಾತ್ರ ಬೆಣ್ಣೆ.

ಕಾಡಿನಲ್ಲಿ ನಾಯಿಯ ಕೊರಳಿಗೆ ಗಂಟೆ ಕಟ್ಟುತ್ತೇವೆ. ಗಂಟೆ ನಿಂತಿತೆಂದರೆ ಹಕ್ಕಿಯ ವಾಸನೆ ಸಿಕ್ಕಿ ನಾಯಿ ಕಲ್ಲಾಗಿ ನಿಂತಿದೆ ಎಂದರ್ಥ. ಎಷ್ಟೋ ಪೊದೆಗಳಾಚೆ ಗಂಟೆ ಸುಮ್ಮನಾದರೂ ಇವನ ಕಿವಿಗೆ ತಿಳಿಯುತ್ತದೆ. ಒಂದೇ ಮೇಜಿನಲ್ಲಿ ಎದುರು ಕೂತ ಹೆಂಡತಿ ವರ್ಷಗಟ್ಟಲೆ ಸುಮ್ಮನಾದದ್ದು ತಿಳಿಯಲಿಲ್ಲ. ನೆನೆದರೆ ನನಗೆ ಮೈ ಉರಿಯುತ್ತದೆ.

ಕಳೆದ ಬೇಟೆಗಾಲದಲ್ಲಿ ಮರಿ ಕೊಳ್ಳಲು ಬಂದವನೊಬ್ಬ, ಬೂಟು ಹತ್ತಿದ ಮರಿಯನ್ನು ಗದರಿಸಿದ. ತುಗ್ದುವಾಲ್ ಮರಿಯನ್ನು ಎತ್ತಿಕೊಂಡು ಎದೆಗವಚಿಕೊಂಡ.

"ಗದರಬೇಡ್ರೀ! ಬ್ರಿಟನಿ ತಳಿ ಇದು. ಓಡೋಕೆ, ಮೂಸೋಕೆ ದಣಿವೇ ಇಲ್ಲ, ಮನಸ್ಸು ಮಾತ್ರ ಹೂವು. ಗದರಿದ್ರೆ ಮುದುಡ್ಕೊಂಡು ಮೂಲೆ ಸೇರುತ್ತೆ. ಆಮೇಲೆ ಎಷ್ಟು ಕರೆದ್ರೂ ನಿಮ್ಮ ಜೊತೆ ಬರಲ್ಲ."

ಅದೇ ಉಸಿರಿನಲ್ಲಿ ಅಡುಗೆಮನೆಯ ಕಡೆ ತಿರುಗಿ, "ಲೇ, ಕತ್ತೆ! ಸೈಡರ್ ತರೋಕೆ ಎಷ್ಟು ಹೊತ್ತೇ ನಿಂಗೆ?" ಎಂದು ಅಬ್ಬರಿಸಿದ.

ದೋಸೆಯಂಥ ಗಾಲೆತ್ ಹುಯ್ಯುತ್ತಿದ್ದ ಅಕ್ಕ ಒಲೆ ಆರಿಸಿದಳು. ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ ಹೊರಗೆ ಬಂದಳು.

"ನಾನೂ ಬ್ರಿಟನಿಯವಳೇ ಕಣೋ," ಎಂದವಳು ನೆಟ್ಟಗೆ ನನ್ನ ಮನೆಗೆ ನಡೆದಳು.

ಮರುದಿನ ಅವನು ಬಂದ. ಬೀದಿಯಿಂದಲೇ "ಗ್ವೆನೋಲಾ!" ಎಂದು ಗುಡುಗಿದ. ಅಕ್ಕ ಅಲುಗಲಿಲ್ಲ.

ನಾನು ಬಾಗಿಲು ತೆಗೆದೆ. "ಬೊಗಳೋದಾದ್ರೆ ನಿನ್ನ ಹಟ್ಟೀಲಿ ಬೊಗಳು ಹೋಗು! ಹೆಂಡ್ತಿ ಬೇಕಂದ್ರೆ ದನಿ ಇಳಿಸು."

ಇಳಿಸಿದ. "ಬಾ ಬಂಗಾರಿ... ಬಾ ಪುಟ್ಟಿ... ಏನೂ ಮಾಡಲ್ಲ, ಬಾ..."

ಅಕ್ಕ ಹೊಸ್ತಿಲಿಗೆ ಬಂದಳು. "ಅದು ನಾಯೀನ ಕರೆಯೋ ಮಾತು. ನಂಗೊಂದು ಹೆಸರಿದೆ. ಅದನ್ನ ಮೆತ್ತಗೆ ಹೇಳು, ಈಗಲೇ ಬರ್ತೀನಿ."

ಅವನು ಬಾಯಿ ತೆರೆದ. ಮೊದಲ ಅಕ್ಷರಕ್ಕೇ ದನಿ ಏರಿತು. ಬಾಯಿ ಮುಚ್ಚಿ, ಎಂಜಲು ನುಂಗಿ, ಮತ್ತೆ ತೆರೆದ, ಮತ್ತೂ ಅಬ್ಬರವೇ. ಮದುವೆಯಾದಾಗಿನಿಂದ ಆ ಹೆಸರನ್ನು ಕೂಗದೆ ಒಮ್ಮೆಯೂ ಹೇಳಿರಲಿಲ್ಲ, ಪಾಪಿ.

ಅಕ್ಕ ಬಾಗಿಲು ಹಾಕಿಕೊಂಡಳು.